ಗಾಜಿನ ಪೆಟ್ಟಿಗೆಯ ಒಂಟಿ ವಡೆ

ತಿಂಡಿಯನ್ನು ಬಿಸಿಯಾಗಿಡುವ ಗಾಜಿನ ಪೆಟ್ಟಿಗೆ ಎಂದೂ ಬರಿದಾಗಿ ಕಾಣಬಾರದೆಂಬುದು ವರದರಾಯರ ಹೋಟೆಲಿನ ನಿಯಮ. ಹಾಗಾಗಿ ಬೆಳಗಿನ ಉದ್ದಿನವಡೆಗಳೆಲ್ಲ ಖರ್ಚಾದರೂ ಕೊನೆಯದೊಂದನ್ನು ಒಳಗೇ ಉಳಿಸಿದ್ದರು. ತಲೆಯ ಮೇಲೆ ಧಗಧಗಿಸುವ ಕೆಂಪು ದೀಪವನ್ನು ಕಂಡು ಆ ವಡೆ ಬೆರಗಾಯಿತು.

“ನನ್ನಂಥ ಒಂದೇ ಒಂದು ವಡೆಗಾಗಿ ಒಬ್ಬ ಸೂರ್ಯ!”

ಗೋಡೆಯ ಮೇಲಿದ್ದ ಕರೆಂಟ್ ಮೀಟರ್ ಹೇಳಿತು: “ಸೂರ್ಯನಾದರೆ ಪುಕ್ಕಟೆ. ಇದು ಬೆಳಗಿನಿಂದ ಸುಟ್ಟ ಕರೆಂಟಿನ ದುಡ್ಡಿಗೆ ನಿನ್ನಂಥ ನಾಲ್ಕು ವಡೆ ಬರುತ್ತವೆ.”

“ಅಬ್ಬಾ! ನಾಲ್ಕು ವಡೆಯ ದುಡ್ಡು ಸುರಿದು ನನ್ನೊಂದನ್ನು ಕಾಪಾಡುತ್ತಿದ್ದಾರೆಯೇ? ಹಾಗಾದರೆ ನಾನೆಂಥ ದೊಡ್ಡ ವಡೆ!” ಎಂದು ಅದು ಇನ್ನಷ್ಟು ಸೆಟೆದು ಕೂತಿತು.

ಸಂಜೆ ಗಿರಾಕಿಯೊಬ್ಬರು ಬಂದು ಅದರತ್ತಲೇ ಬೆರಳು ತೋರಿಸಿದರು.

“ಅದು ಬೇಡ ಸ್ವಾಮಿ, ಕಲ್ಲಾಗಿದೆ. ನಿಮಗೆ ಈಗಲೇ ಬಿಸಿ ಬಿಸಿ ವಡೆ ಹಾಕಿಸಿಕೊಡ್ತೀನಿ” ಎಂದರು ರಾಯರು. ಪೆಟ್ಟಿಗೆಯ ಸ್ವಿಚ್ಚನ್ನು ಮಾತ್ರ ಆರಿಸಲಿಲ್ಲ.

ವಡೆ ಬಹಳ ಹೊತ್ತು ದೀಪವನ್ನೇ ನೋಡಿತು. “ನನ್ನನ್ನು ಯಾರೂ ತಿನ್ನುವುದಿಲ್ಲ ಎಂದಮೇಲೆ, ಈ ಸೂರ್ಯ ಉರಿಯುತ್ತಿರುವುದು ಯಾರಿಗಾಗಿ?”

“ನನಗಾಗಿ” ಎಂದಿತು ಮೀಟರ್, ತಿರುಗುವುದನ್ನು ನಿಲ್ಲಿಸದೆ.