ಏಳನೇ ತಿರುವಿನ ಕಲ್ಲು

ಡೀಸೆಲ್ ಜೀಪೊಂದು ಟ್ರೇಲರ್ ಎಳೆದುಕೊಂಡು ಘಾಟಿ ಹತ್ತುತ್ತಿತ್ತು. ಜೀಪನ್ನು ಕೇಳಿದರೆ ಭಾರ ನಾಲ್ಕು ಟನ್, ಟ್ರೇಲರನ್ನು ಕೇಳಿದರೆ ಎರಡೇ. ಅದಿರಲಿ, ಏಳನೇ ತಿರುವಿನಲ್ಲಿ ಜೀಪಿಗೆ ಏದುಸಿರು ಬಂತು, ಟ್ರೇಲರ್ ಹಿಂದಕ್ಕೆ ಜಾರತೊಡಗಿತು.

“ಕಲ್ಲಣ್ಣ, ಚಕ್ರದ ಹಿಂದೆ ಒಂದು ಗಳಿಗೆ ನಿಲ್ಲಪ್ಪ, ಪ್ರಪಾತಕ್ಕೆ ಬೀಳ್ತೀವಿ” ಎಂದು ಜೀಪು ರಸ್ತೆ ಬದಿಯ ಗುಂಡುಕಲ್ಲನ್ನು ಬೇಡಿಕೊಂಡಿತು. ಕಲ್ಲು ಉರುಳಿ ಬಂದು ಚಕ್ರಕ್ಕೆ ಬೆನ್ನು ಕೊಟ್ಟಿತು.

ಇಂಜಿನ್ ತಣ್ಣಗಾದ ಮೇಲೆ ಜೀಪು ಹೊರಟಿತು.

“ಉರುಳಿ ಬಂದ ನಾನು ವಾಪಸ್ ಹತ್ತಲಾರೆ ಸ್ವಾಮಿ. ಅಂಚಿಗೆ ತಳ್ಳಿ ಹೋಗಿ” ಎಂದಿತು ಕಲ್ಲು.

“ನಾಲ್ಕು ಟನ್ ಎಳೆಯೋನು ನಾನು. ಕಲ್ಲು ತಳ್ಳೋಕೆ ನಾನೇ ಬೇಕಾ?” ಎಂದು ನಗುತ್ತಾ ಜೀಪು ತಿರುವು ದಾಟಿತು.

ಭಾರ ಇಳಿಸಿ, ಸಂಜೆ ಹಾಡಿಕೊಂಡು ಕೆಳಗಿಳಿಯುವಾಗ ಅದೇ ತಿರುವಿನಲ್ಲಿ ಹೊಟ್ಟೆಯಡಿ ಏನೋ ಬಡಿಯಿತು. ಆಯಿಲ್ ಚೇಂಬರ್ ಒಡೆದು ಎಣ್ಣೆಯೆಲ್ಲ ರಸ್ತೆಗೆ ಸುರಿಯಿತು.

“ಯಾವನಯ್ಯಾ ನಡುರಸ್ತೆಯಲ್ಲಿ ಬಿದ್ದಿರೋನು?”

“ನಾನೇ ಸ್ವಾಮಿ. ಬೆಳಿಗ್ಗೆ ನೀವು ನಿಲ್ಲಿಸಿದಲ್ಲೇ ಇದ್ದೇನೆ.”

ಎಳೆದೊಯ್ಯಲು ಟ್ರ್ಯಾಕ್ಟರ್ ಬಂದಾಗ ಜೀಪು, “ಮೊದಲು ಆ ಕಲ್ಲನ್ನು ಅಂಚಿಗೆ ಸರಿಸಿಬಿಡಪ್ಪ. ಬೆಳಿಗ್ಗೆಯೇ ನಾನು ಮಾಡಬೇಕಿತ್ತು” ಎಂದಿತು.

ಜೀಪಿನ ಹೊಟ್ಟೆಯಡಿ ಸಿಕ್ಕಿಕೊಂಡಿದ್ದ ಕಲ್ಲನ್ನು ಬಗ್ಗಿ ನೋಡಿ ಟ್ರ್ಯಾಕ್ಟರ್ ಹೇಳಿತು: “ಹಗ್ಗ ಕಟ್ಟೋವರೆಗೂ ತಡಿ. ನೀನು ಉರುಳದಂತೆ ಇಷ್ಟು ಹೊತ್ತೂ ಹಿಡಿದಿರೋದು ಅದೇ.”