ಬಸ್ತ್ಯಾಂವಜ್ಜ ಕಟ್ಟಿದ ಮುಡಿ

ಹಿಂದೆ, ಬಹಳ ಹಿಂದೆ, ಹೊಳೆ ಕಡಲನ್ನು ಸೇರುವಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಮುಡಿ ಕಟ್ಟುವ ಬಸ್ತ್ಯಾಂವಜ್ಜ ಅಂತ ಒಬ್ಬನಿದ್ದನಂತೆ. ಬೀಜದ ಭತ್ತವನ್ನು ಒಣಹುಲ್ಲಿನೊಳಗೆ ಸುರಿದು, ಹುಲ್ಲಿನ ಹಗ್ಗ ಸುತ್ತಿ, ಕೊಡತಿಯಿಂದ ಬಡಿದು ಬಡಿದು ಕುಂಬಳಕಾಯಿಯ ಹಾಗೆ ಗುಂಡಗಿನ ಮುಡಿ ಮಾಡುತ್ತಿದ್ದನಂತೆ. ಅವನು ಕಟ್ಟಿದ ಮುಡಿಯೊಳಗೆ ಇರುವೆಯೂ ನುಗ್ಗುತ್ತಿರಲಿಲ್ಲವಂತೆ. ನೆರೆಯಲ್ಲಿ ಕೊಚ್ಚಿಹೋದ ಒಂದು ಮುಡಿ ಕಡಲೆಲ್ಲ ಸುತ್ತಿ, ಒಳಗೆ ಒಂದು ಕಾಳೂ ನೆನೆಯದೆ ವಾಪಸು ಬಂತಂತೆ. ನನ್ನಜ್ಜಿ ಈ ಕತೆ ಹೇಳುವಾಗ ಆ ಮುಡಿ ಪಕ್ಕದ ಊರಿನ ತನಕ ಮಾತ್ರ ಹೋಗಿತ್ತು. ಈಗ ಹೇಳುವವರ ಬಾಯಲ್ಲಿ ಗೋವಾ ದಾಟಿದೆ.

ಅದೇ ಊರಲ್ಲಿ ಸೆರ್ಪಿನ ಬಾಯಿ ಅಂತ ಒಬ್ಬ ವಿಧವೆ. ಎರಡು ಮಕ್ಕಳು, ಒಂದು ತುಂಡು ಗದ್ದೆ. ಆ ಗದ್ದೆಗೆ ಬಿತ್ತನೆ ಮಳೆಗಾಲ ಕಳೆದ ಮೇಲೆ; ಅಲ್ಲಿಯ ತನಕ ಬೀಜದ ಮುಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡಬೇಕು. ಇವಳಿಗೋ ತಡೆಯದು. ಮಳೆ ಜೋರಾದಾಗಲೆಲ್ಲ ಬೀಜ ಮುಗ್ಗಿತೋ ಏನೋ ಅಂತ ಬಿಚ್ಚುವಳು, ಮೂಸುವಳು, ಮತ್ತೆ ಕಟ್ಟುವಳು. ಬಿಚ್ಚಿದಾಗಲೆಲ್ಲ ಥಂಡಿ ಒಳಹೊಕ್ಕಿತು. ಕೊನೆಗೆ ಬೀಜ ಮುಗ್ಗಿಯೇ ಹೋಯಿತು. ಆ ವರ್ಷ ಗದ್ದೆ ಬರಿದು. ಮಕ್ಕಳಿಗೆ ಗೆಡ್ಡೆಗೆಣಸೇ ಗತಿ.

ಮರುವರ್ಷ ತವರಿನಿಂದ ಬೇಡಿ ತಂದ ಬೀಜವನ್ನು ಅಜ್ಜನ ಮುಂದೆ ಸುರಿದಳಂತೆ. ಇದೂ ಹಾಳಾದರೆ ಇನ್ನು ಕೇಳಲು ಮನೆಯಿಲ್ಲ ಅಂದಳಂತೆ. ಅಜ್ಜ ಮುಡಿ ಕಟ್ಟಿ, ಮೇಲೊಂದು ಸುಣ್ಣದ ಶಿಲುಬೆ ಎಳೆದು ಹೇಳಿದನಂತೆ: "ಬಾಯಿ, ಗಂಟು ನನ್ನದು. ಒಳಗಿನ ಜೀವ ದೇವರದು. ಒಲೆ ಮಾತ್ರ ನಿನ್ನದು, ಆರದ ಹಾಗೆ ನೋಡಿಕೋ."

"ಈ ಕೈ ಸುಮ್ಮನಿರಬೇಕಲ್ಲ ಅಜ್ಜ!"

"ಬೆನ್ನ ಹಿಂದೆ ಕಟ್ಟಿಕೋ. ದೇವರೇ, ನಿನ್ನ ಚಿತ್ತ ನೆರವೇರಲಿ ಅನ್ನು. ದಿನಾ ಪ್ರಾರ್ಥನೆಯಲ್ಲಿ ಅದನ್ನೇ ಹೇಳಿ, ಆಮೇಲೆ ಹೋಗಿ ಮುಡಿ ಮೂಸಿ ನೋಡಿದರೆ ದೇವರಿಗೆ ಬೇಜಾರಾಗದಾ?"

ಆಟಿ ತಿಂಗಳ ಜಡಿಮಳೆ ಹಿಡಿಯಿತು. ಸೆರ್ಪಿನ ಬಾಯಿ ಕತ್ತಿ ಹಿಡಿದು ಅಟ್ಟ ಹತ್ತಿದಳಂತೆ. ಹಗ್ಗಕ್ಕೆ ಕತ್ತಿ ತಾಗಿಸಿಯೂ ಬಿಟ್ಟಳಂತೆ. ಸುಣ್ಣದ ಶಿಲುಬೆ ಹೊಗೆಗೆ ಕಪ್ಪಾಗಿತ್ತು. ಅದು ಕಣ್ಣಿಗೆ ಬಿದ್ದದ್ದೇ ಕತ್ತಿ ಕೆಳಗೆಸೆದು, ಕೈ ಹಿಂದೆ ಕಟ್ಟಿ, ಅಳುತ್ತ ಅಳುತ್ತ ಆ ಮಾತು ಹೇಳಿದಳಂತೆ. ಇಳಿದು ಬಂದು ಒಲೆಗೆ ಸೌದೆ ತುಂಬಿ ಮಲಗಿಬಿಟ್ಟಳಂತೆ. ತಮ್ಮಮ್ಮನೂ ನಿದ್ದೆ ಮಾಡುತ್ತಾಳೆ ಅಂತ ಮಕ್ಕಳಿಗೆ ಗೊತ್ತಾದದ್ದು ಅವತ್ತೇ ಅಂತೆ.

ಮೊಂತಿ ಮಾತೆ ಮರಿಯಳ ಹಬ್ಬ ಕಳೆದು, ಮಳೆ ಹೊಳವಾಗಿ ಬಿಸಿಲು ಬಂದಾಗ ಅಜ್ಜನೇ ಬಂದು ಮುಡಿ ಬಿಚ್ಚಿದ. ಊರವರ ಬಾಯಲ್ಲಿ ಸಂತನಾದ ಅವನೂ ಬಿಚ್ಚುವ ಮೊದಲು ಒಮ್ಮೆ ಮುಡಿ ಮೂಸಿದನಂತೆ. ಸಂತರು ಮುಡಿ ಮೂಸುವುದಿಲ್ಲ ಅನ್ನುವವರು ಸಂತರನ್ನು ಗೋಡೆಯ ಪಟದಲ್ಲಿ ಮಾತ್ರ ನೋಡಿದವರು. ಒಂದು ಹಿಡಿ ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಕೆಲವು ದಿನ ಬಿಟ್ಟು ಬಿಚ್ಚಿದರೆ ಪ್ರತಿ ಕಾಳಿಗೂ ಬಿಳಿ ಮೊಳಕೆ! ಒಂದು ಕಾಳು ಮಾತ್ರ ಮೊಳೆಯಲಿಲ್ಲ ಅನ್ನುವವರೂ ಇದ್ದಾರೆ. ಅದನ್ನು ಕೋಳಿ ತಿಂದಿತಂತೆ.

ಈಗ ಮುಡಿ ಕಟ್ಟುವವರು ಕಡಿಮೆ. ಆದರೂ ಆ ಊರಲ್ಲಿ ಬೀಜವನ್ನು ಅಟ್ಟಕ್ಕೇರಿಸಿದ ಮೇಲೆ ಮನೆಯವರು ಹಿಂದೆ ಸರಿದು, ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ, ಶಿಲುಬೆ ಹಾಕುವವರೂ, ಹಾಕದವರೂ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಂದಿರೂ ಅಷ್ಟೇ. ಅವಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಎಳೆದು, ದೋಣಿ ಹೊರಟ ಕೂಡಲೇ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ದೋಣಿ ಮರೆಯಾದ ಮೇಲೆ ಒಳಗೆ ಹೋಗಿ ಒಲೆಗೆ ಸೌದೆ ಹಾಕುತ್ತಾರೆ.