ಇಂಟರ್ವಲ್‌ಗೆ ಎದ್ದು ಬಂದ ಮಕ್ಕಳು

ಕಲ್ಲುಗಣಿಗಳ ನಡುವಿನ ಒಂದು ಊರಿನ ಶಾಲೆಯಲ್ಲಿ ಚನ್ನಬಸಯ್ಯ ಎಂಬ ಹೆಡ್‌ಮಾಸ್ತರರಿದ್ದರು. ಒಳ್ಳೆಯ ಮನುಷ್ಯ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಬಿಸಿಯೂಟದ ಅನ್ನವನ್ನು ಮೊದಲು ತಾವು ತಿಂದು ನೋಡಿ, ಆಮೇಲೆ ಬಡಿಸಲು ಹೇಳುವವರು. ಅವರಿಗಿದ್ದ ಒಂದೇ ಹೆಮ್ಮೆ ಎಂದರೆ ಶಾಲೆಯ ಗಂಟೆ. ಇಪ್ಪತ್ತಾರು ವರ್ಷಗಳಲ್ಲಿ ಸಂಜೆ ನಾಲ್ಕೂ ಇಪ್ಪತ್ತರ ಗಂಟೆ ಒಂದು ನಿಮಿಷ ಹಿಂದೆ ಮುಂದೆ ಆಗಿರಲಿಲ್ಲ. ಊರಿನ ಹೆಂಗಸರು ಗಡಿಯಾರ ನೋಡುತ್ತಿರಲಿಲ್ಲ, ಆ ಗಂಟೆ ಕೇಳಿ ಚಹಾಕ್ಕೆ ಇಡುತ್ತಿದ್ದರು. ಇದು ಮಾಸ್ತರರಿಗೂ ಗೊತ್ತಿತ್ತು.

ಆ ಊರಿನ ಸುತ್ತ ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಗುಂಡಿಗಳು ಬಹಳ. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಮೇಲೆ ತಿಳಿನೀರು, ಒಳಗೆ ನಾಲ್ಕಾಳು ಆಳ. ವರ್ಷಕ್ಕೊಂದು ಮಗು ಬೀಳುತ್ತಿತ್ತು, ಅದನ್ನು ಎತ್ತಲು ಹೋಗಿ ಇನ್ನೊಂದು ಮುಳುಗುತ್ತಿತ್ತು. ಅದಕ್ಕೇ ಆ ವರ್ಷ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಈ ಸಲ ಕೋಟೆ, ಡ್ಯಾಮು ಬೇಡ, ಮಕ್ಕಳನ್ನು ತಾಲ್ಲೂಕಿನ ಟಾಕೀಜಿಗೆ ಕರೆತನ್ನಿ, ನೀರಿನ ಅಪಾಯದ ಬಗ್ಗೆ ಒಂದು ಸಿನಿಮಾ ತೋರಿಸುತ್ತೇವೆ, ಅದೇ ಶೈಕ್ಷಣಿಕ ಪ್ರವಾಸ ಎಂದು. ಜೊತೆಗೆ ಸಿನಿಮಾದ ಸಾರಾಂಶವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕಳಿಸಿದ್ದರು.

ಮಾಸ್ತರರು ಪ್ರವಾಸದ ವರದಿಯನ್ನು ಹಿಂದಿನ ದಿನವೇ ಬರೆದು ಫೈಲಿಗೆ ಹಾಕಿದರು. ಅವರ ಪದ್ಧತಿಯೇ ಅದು. ಹೋಗಿ ಬಂದಮೇಲೆ ಬರೆಯಲು ಕೂತರೆ ತಡವಾಗುತ್ತದೆ, ತಡ ಎಂದರೆ ಅವರಿಗೆ ಆಗದು. ಅಚ್ಚಿನ ಹಾಳೆಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲು ಇಳಿಸಿದರು. ಕೈ ಬರೆಯುತ್ತಿತ್ತು, ಮನಸ್ಸು ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿತ್ತು. "ಮಕ್ಕಳು ಮನಗಂಡರು" ಎಂದು ಬರೆದು ಸಹಿ ಮಾಡಿದರು. ಪಾಪ, ಮಕ್ಕಳು ಇನ್ನೂ ಬಸ್ಸನ್ನೇ ಹತ್ತಿರಲಿಲ್ಲ.

ಮರುದಿನ ಟಾಕೀಜಿನಲ್ಲಿ ಸಿನಿಮಾ ಹನ್ನೆರಡಕ್ಕೆ ಶುರುವಾಗಬೇಕಿತ್ತು. ಮೇಲಿನ ಕಚೇರಿಯ ಸಾಹೇಬರು ತಡವಾಗಿ ಬಂದರು. ದೀಪ ಹಚ್ಚಿದರು, ಹಾರ ಹಾಕಿಸಿಕೊಂಡರು, ಸಮಯ ಪಾಲನೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಮೂರು ಶಾಲೆಗಳ ಫೋಟೋ ಆಯಿತು. ಅಂತೂ ಪರದೆಯ ಮೇಲೆ ಬೆಳಕು ಬಿದ್ದಾಗ ಎರಡು ಗಂಟೆ.

ಏಳನೆಯ ತರಗತಿಯ ಹುಲಿಗೆಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕಲ್ಲು ಒಡೆಯುವವರ ಮಗಳು. ಅಷ್ಟು ದೊಡ್ಡ ಪರದೆಯನ್ನು ಅವಳು ನೋಡಿದ್ದು ಅದೇ ಮೊದಲು. ಅದರಲ್ಲಿ ಅವಳ ಊರಿನಂಥದೇ ಊರು, ಅಂಥದೇ ಗುಂಡಿ. ಒಬ್ಬ ಹುಡುಗ ಕಾಲು ಜಾರಿ ನೀರಿಗೆ ಬೀಳುತ್ತಾನೆ. ಅವನ ಗೆಳೆಯ ಅಂಗಿ ಕಳಚಿ ಎಸೆದು ಹಿಂದೆಯೇ ಧುಮುಕುತ್ತಾನೆ. ನೀರು ಮುಚ್ಚಿಕೊಳ್ಳುತ್ತದೆ. ಹುಲಿಗೆಮ್ಮ ಎದ್ದು ನಿಂತೇಬಿಟ್ಟಳು. ಅಷ್ಟರಲ್ಲಿ ಇಂಟರ್ವಲ್ ಎಂದು ಬಂದು ದೀಪ ಹತ್ತಿತು.

ಮಾಸ್ತರರು ಕೈಗಡಿಯಾರ ನೋಡಿದರು. ಮೂರು ಗಂಟೆ. ಈಗ ಹೊರಟರೆ ಗಂಟೆಯ ಹೊತ್ತಿಗೆ ಶಾಲೆ.

"ಏಳ್ರಿ, ಬಸ್ ಹತ್ರಿ," ಎಂದರು.

ಸಹಶಿಕ್ಷಕಿ ಕಸ್ತೂರಿ ತಡೆದು ನೋಡಿದರು. "ಸರ, ಇನ್ನಾ ಅರ್ಧ ಐತ್ರಿ. ಮಕ್ಕಳು ನೋಡ್ಲಿ. ಊರಿಗೆ ಫೋನ್ ಮಾಡಿ ಒಂದು ತಾಸು ತಡ ಆಗ್ತೈತಿ ಅಂತ ಹೇಳೂಣು."

"ಉಳಿದದ್ದರಾಗ ಏನಿರ್ತದ್ರೀ ಟೀಚರ? ಒಂದು ಹಾಡು, ಒಂದಿಷ್ಟು ಅಳು. ಫೋಟೋ ಆಯ್ತು, ವರದಿ ಆಯ್ತು. ನಡೀರಿ."

ಕಸ್ತೂರಿ ಟೀಚರ್ ಮಕ್ಕಳನ್ನು ಸಾಲಾಗಿ ಬಸ್ಸಿನ ಕಡೆ ನಡೆಸಿದರು. ದೊಡ್ಡವರ ಮಾತಿಗೆ ಎದುರಾಡಬಾರದು ಎಂಬ ಪಾಠವನ್ನು ಅವರಿಗೆ ಯಾರೋ ಪೂರ್ತಿಯಾಗಿ ಕಲಿಸಿದ್ದರು.

ಬಸ್ಸು ಹೊರಟಮೇಲೆ ಹುಲಿಗೆಮ್ಮ ಕಂಬಿ ಹಿಡಿದುಕೊಂಡು ಮಾಸ್ತರರ ಸೀಟಿನ ತನಕ ಬಂದಳು.

"ಸರ, ಆ ಜಿಗಿದ ಹುಡುಗ ಮ್ಯಾಲ ಬಂದ್ನೇನ್ರಿ?"

ಹಾಳೆಯಲ್ಲಿ ಅದಕ್ಕೆ ಉತ್ತರವಿತ್ತು. ಮಾಸ್ತರರೇ ಅದನ್ನು ನಕಲು ಮಾಡಿದ್ದರು. ಆದರೆ ಅವರ ಕಣ್ಣು ಗಡಿಯಾರದ ಮೇಲಿತ್ತು.

"ಬರ್ತಾನ ಬರ್ತಾನ. ಹೀರೋ ಅದಾನ, ಸಾಯ್ತಾನೇನು? ಹೋಗಿ ಕುಂದ್ರು."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹುಲಿಗೆಮ್ಮ ನಗುತ್ತ ಹೋಗಿ ಕೂತಳು. ನಾಲ್ಕೂ ಇಪ್ಪತ್ತಕ್ಕೆ ಸರಿಯಾಗಿ ಗಂಟೆ ಹೊಡೆಯಿತು.

ಇದಾಗಿ ಹನ್ನೊಂದು ದಿನಕ್ಕೆ ಹುಲಿಗೆಮ್ಮ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಳು. ಗೆಳತಿ ಯಲ್ಲವ್ವ ಜೊತೆಗಿದ್ದಳು. ಪಕ್ಕದ ಮನೆಯ ಹನುಮೇಶ, ಒಂದನೆಯ ತರಗತಿಯವನು, ಮುಂದೆ ಮುಂದೆ ಓಡುತ್ತಿದ್ದ. ಗುಂಡಿಯ ಅಂಚಿನಲ್ಲಿ ಅವನ ಕಾಲು ಜಾರಿತು. ಬಿದ್ದವನು ಹೇಗೋ ಒಂದು ಕಲ್ಲಿನ ಮೂಲೆ ಹಿಡಿದುಕೊಂಡು ಅಳತೊಡಗಿದ. ಹುಲಿಗೆಮ್ಮ ಚೀಲ ಇಳಿಸಿದಳು. ಹೆಗಲ ಮೇಲಿದ್ದ ಯೂನಿಫಾರ್ಮಿನ ವೇಲ್ ತೆಗೆದು, ಒದ್ದೆಯಾದೀತೆಂದು ಮಡಚಿ ಚಪ್ಪಲಿಯ ಮೇಲಿಟ್ಟಳು. ಯಲ್ಲವ್ವ ಬೇಡವೆಂದು ಕೈ ಹಿಡಿದಳು.

"ಅಂಜಬ್ಯಾಡ. ಮ್ಯಾಲ ಬರ್ತಾರ ಅಂತ ಸರ್ ಹೇಳ್ಯಾರಲ್ಲ," ಎಂದು ಹುಲಿಗೆಮ್ಮ ಧುಮುಕಿದಳು.

ಅವಳಿಗೆ ಈಜು ಬರುತ್ತಿರಲಿಲ್ಲ. ಯಲ್ಲವ್ವನ ಕೂಗು ಕೇಳಿ ಗಣಿಯ ಆಳೊಬ್ಬ ಓಡಿ ಬಂದ. ಆತ ನೀರಿಗೆ ಇಳಿಯಲಿಲ್ಲ. ತಲೆಯ ರುಮಾಲು ಬಿಚ್ಚಿ ಒಂದು ತುದಿ ಎಸೆದ. ಹನುಮೇಶ ಅದನ್ನು ಹಿಡಿದು ಬದುಕಿಕೊಂಡ. ರುಮಾಲು ನೆನೆದದ್ದು ಎರಡೇ ಮೊಳ. ಚಪ್ಪಲಿಯ ಮೇಲೆ ಮಡಚಿಟ್ಟ ವೇಲ್ ಅದಕ್ಕಿಂತ ಉದ್ದವಿತ್ತು. ಕತ್ತಲಾಗುವ ಮೊದಲು ಹುಲಿಗೆಮ್ಮನ ಹೆಣವನ್ನು ಹೊರಗೆ ತಂದು ಅದೇ ವೇಲ್ ಹೊದಿಸಿದರು.

ಮಣ್ಣು ಮಾಡಿ ಬಂದ ದಿನ ಮಾಸ್ತರರು ಫೈಲು ತೆಗೆದು ತಮ್ಮ ವರದಿಯನ್ನು ಮೊದಲ ಸಲ ಓದಿದರು. ತಮ್ಮದೇ ದುಂಡು ಅಕ್ಷರ. "ನೀರಿಗೆ ಧುಮುಕಿದ ಗೆಳೆಯನೂ ಸಾಯುತ್ತಾನೆ. ಬಿದ್ದವರನ್ನು ಕಾಪಾಡಲು ನೀರಿಗೆ ಇಳಿಯಬಾರದು, ದಂಡೆಯಿಂದ ಬಟ್ಟೆಯನ್ನೋ ಕೋಲನ್ನೋ ಚಾಚಬೇಕು ಎಂಬುದನ್ನು ಮಕ್ಕಳು ಮನಗಂಡರು." ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆ ಅಂದುಕೊಂಡು ಸುಮ್ಮನಾಗಲು ಅವರಿಂದ ಆಗಲಿಲ್ಲ. ಫೈಲಿನ ಮೇಲೆ ತಲೆಯಿಟ್ಟು ಅತ್ತರು.

ಐದನೆಯ ದಿನ ಮಧ್ಯಾಹ್ನ ಹುಲಿಗೆಮ್ಮನ ತಾಯಿ ದುರ್ಗಮ್ಮ ಶಾಲೆಗೆ ಬಂದಳು. ಮಗಳ ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು.

"ಇವು ಶಾಲಿವು, ತಗೋರಿ. ಒಂದು ಮಾತು ಕೇಳಿ ಹೋಗ್ತೀನ್ರಿ ಸರ. ಆ ಸಿನಿಮಾದಾಗಿನ ಹುಡುಗ ಮ್ಯಾಲ ಬಂದ್ನೇನ್ರಿ? ನನ್ನ ಮಗಳು ಮನ್ಯಾಗ ದಿನಾ ಅದನ್ನ ಹೇಳತಿದ್ಲು."

ಸುಳ್ಳು ಹೇಳಿದ್ದರೆ ಅವಳು ನಂಬುತ್ತಿದ್ದಳು. ಮಾಸ್ತರರು ಹೇಳಲಿಲ್ಲ.

"ಇಲ್ಲವ್ವ ತಾಯಿ. ಬರಲಿಲ್ಲ."

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಕಾಗದದಾಗ ಬರದು ಇಟ್ಟಿದ್ದೆ. ಮಕ್ಕಳಿಗೆ ಹೇಳಲಿಲ್ಲ."

ದುರ್ಗಮ್ಮ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಇನ್ನೊಂದು ತಾಸು ಕುಂದರಿಸಿದ್ರ ಏನಾಗ್ತಿತ್ರೀ ಸರ?"

ಮಾಸ್ತರರು ಗೋಡೆಯ ಗಡಿಯಾರದ ಕಡೆ ನೋಡಿದರು.

"ಗಂಟೆ ತಡ ಆಗ್ತಿತ್ತು," ಎಂದರು.

ದುರ್ಗಮ್ಮ ಹೊರಟು ಹೋದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತಾಯಿತು, ನಾಲ್ಕೂವರೆಯೂ ಆಯಿತು. ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತ ಕೂತಿದ್ದರು. ಅಂದು ಗಂಟೆ ಹೊಡೆಯಲಿಲ್ಲ.

ನೀತಿ: ಮಕ್ಕಳಿಗೆ ಪಾಠ ಶುರು ಮಾಡಿದವರು ಮುಗಿಸಿಯೇ ಏಳಬೇಕು. ಕಲಿಸದೇ ಬಿಟ್ಟ ಪಾಠಕ್ಕಿಂತ ಅರ್ಧ ಕಲಿಸಿದ ಪಾಠ ಹೆಚ್ಚು ಅಪಾಯಕಾರಿ. ಮಗು ಕೇಳಿದ ಪ್ರಶ್ನೆಗೆ ಬಾಯಿ ಮುಚ್ಚಿಸಲು ಉತ್ತರ ಕೊಡಬೇಡಿ, ಅದು ನಿಮ್ಮ ಮಾತನ್ನು ನಂಬಿರುತ್ತದೆ.